ಮಾವನ ಕಾರು ಮತ್ತು ನನ್ನ ಭಕ್ತಿ

ಕಾರಿನ ರೋಗ ಕಂಡುಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆಯಲ್ಲೇ ಇಲ್ಲ ಎಂದು ನಂಬಿದ್ದೆ. ಮೊಬೈಲಿನಲ್ಲಿ ಅಷ್ಟೊಂದು ವಿಡಿಯೊ ನೋಡಿದ್ದೆ!

ಹರಿಹರದ ಮಾವನವರು ತಮ್ಮ ಹಳೆಯ ಕಾರನ್ನು ನನಗೆ ಕೊಟ್ಟರು. ಅದು ನನ್ನ ಹೆಂಡತಿ ಗಿರಿಜೆಗಿಂತ ಎರಡು ವರ್ಷ ದೊಡ್ಡದು. ಕೊಡುವಾಗಲೇ ಷರತ್ತು.

"ನೋಡ್ರಿ ಅಳಿಯಂದ್ರೆ, ಸರಿಯಾಗಿ ಇಟ್ಕೊಳ್ಳಲಿಲ್ಲ ಅಂದ್ರೆ ನಿಮ್ಮ ಷಡ್ಡಕಗೆ ಕೊಟ್ಬಿಡ್ತೀನಿ."

ಷಡ್ಡಕ, ಅಂದರೆ ನಾದಿನಿಯ ಗಂಡ, ಪಕ್ಕದಲ್ಲೇ ಕೂತು ಹಲ್ಲು ಕಿರಿಯುತ್ತಿದ್ದ.

ಪೂಜೆಯಿಲ್ಲದೆ ಗಾಡಿ ತೆಗೆಯುವ ಮನೆತನ ನಮ್ಮದಲ್ಲ. ದಾವಣಗೆರೆಯ ಶಾಮನೂರಿನ ನಮ್ಮ ಮನೆಯ ಮುಂದೆ ನಿಲ್ಲಿಸಿ ಬಾನೆಟ್ಟಿಗೆ, ಚಕ್ರಗಳಿಗೆ ವಿಭೂತಿ ಹಚ್ಚಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕಂತೂ ವಿಭೂತಿಗೆ ಗಂಧ ಕಲಸಿ ದಪ್ಪಗೆ ಬಳಿದೆ. ಕಾರು ಅನ್ನ ತಿನ್ನುವ ಬಾಯಿಯಲ್ಲವೇ!

ಮಾವನ ಮನೆಗೆ ಹೊರಟು, ಹರಿಹರ ಇನ್ನೇನು ಬಂತು ಅನ್ನುವಾಗ ಕಾರು ನಿಂತಿತು. ಕಾಲು ಗಂಟೆ ಸುಮ್ಮನೆ ಬಿಟ್ಟರೆ ಮತ್ತೆ ಹೊರಟಿತು. ನಾನು ಪ್ಲಗ್ ಬದಲಾಯಿಸಿ ಪೂಜೆ ಮಾಡಿದೆ. ಈ ಸಲ ಅರ್ಧ ದಾರಿಗೇ ನಿಂತಿತು. ಕಾರ್ಬುರೇಟರ್ ಬಿಚ್ಚಿ, ತೊಳೆದು, ಇನ್ನೂ ದಪ್ಪಗೆ ಪೂಜೆ ಮಾಡಿದೆ. ಊರೇ ದಾಟಲಿಲ್ಲ!

"ಮೆಕ್ಯಾನಿಕ್‌ಗೆ ತೋರಿಸ್ರಿ," ಎಂದಳು ಗಿರಿಜೆ.

"ನಾನಿರೋವಾಗ ಮೆಕ್ಯಾನಿಕ್ ಯಾಕ ಬೇಕು?"

"ನೀವಿರೋದಕ್ಕೇ ಬೇಕಾಗೈತ್ರಿ."

ಕಾರು ಕೆಡುತ್ತಿರುವ ಸುದ್ದಿ ಕೇಳಿ ಒಂದು ದಿನ ಮಾವನವರು ನಮ್ಮ ಮನೆಗೆ ಬಂದರು. ವಾಪಸ್ ನಾನೇ ಕಾರಿನಲ್ಲಿ ಬಿಡುತ್ತೇನೆಂದೆ. ಕಾರು ಉಳಿಸಿಕೊಳ್ಳಲು ಇದ್ದದ್ದು ಅದೊಂದೇ ದಾರಿ. ಮುನ್ನೆಚ್ಚರಿಕೆಯಾಗಿ ಮಹಾಪೂಜೆಯನ್ನೂ ಮಾಡಿದೆ. ಗಿರಿಜೆಯೂ ಜೊತೆಗೆ ಹತ್ತಿದಳು.

ಕಾರು ಹೈವೇ ಮುಟ್ಟುವ ಮೊದಲೇ ನಿಂತಿತು. ನಾನು ಬಾನೆಟ್ ಎತ್ತಿ, ಕಿಡಿ ಹುಟ್ಟಿಸುವ ಕಾಯಿಲ್ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಮಾವನವರು ಸುಮ್ಮನೆ ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತಿರುಗಿಸಿದರು. ಟ್ಯಾಂಕು 'ಸುಯ್' ಎಂದು ಉಸಿರೆಳೆಯಿತು. ಕೀಲಿ ತಿರುಗಿಸಿದರೆ ಕಾರು ಚಾಲೂ!

"ಈ ಮುಚ್ಚಳಕ್ಕೆ ಒಂದು ಸಣ್ಣ ತೂತು ಐತ್ರಿ. ಅದ್ರಾಗ ಗಾಳಿ ಹೋದ್ರೇನೇ ಪೆಟ್ರೋಲ್ ಮುಂದಕ್ಕೆ ಹೋಗೋದು. ಯಾರ್ರಿ ಇದನ್ನ ಹಿಂಗೆ ಗಾರೆ ಮೆತ್ತಿದಂಗೆ ಮೆತ್ತಿದ್ದು?"

ಗಿರಿಜೆ ಸೆರಗಿನ ಪಿನ್ನು ಬಿಚ್ಚಿ, ತೂತು ಬಿಡಿಸಲು ಅಪ್ಪನ ಕೈಗೆ ಕೊಟ್ಟಳು. ಆಮೇಲೆ ನನ್ನ ಹಣೆಯ ವಿಭೂತಿಯನ್ನೇ ನೋಡಿದಳು.

ಕಾರು ಎಲ್ಲೂ ನಿಲ್ಲದೆ ಹರಿಹರ ಸೇರಿತು. ಕೀಲಿ ಷಡ್ಡಕನ ಕೈ ಸೇರಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ! ಆದರೂ ದೊಡ್ಡತನ ತೋರಿಸಿದೆ.

"ಕೊನೇದಾಗಿ ಒಂದು ಪೂಜೆ ಮಾಡಿಕೊಡ್ಲೇನ್ರಿ?"

"ಬ್ಯಾಡ್ರಿ!" ಎಂದು ಮೂವರೂ ಒಟ್ಟಿಗೆ ಕೂಗಿದರು.

ವಾಪಸ್ ಬಸ್ಸಿನಲ್ಲಿ ಬಂದೆವು. ದಾರಿಯಲ್ಲಿ ಅದು ಒಮ್ಮೆಯೂ ಕೆಡಲಿಲ್ಲ. ಅದಕ್ಕೆ ನಾನು ಪೂಜೆ ಮಾಡಿರಲಿಲ್ಲವಲ್ಲ!