ಕೋಪರಿಯ ಕಾರ್ಡೂ ನಮ್ಮ ಮನೆಯ ಫ್ಯಾನೂ

ಹುಲಿಗೆ ಹೆದರುವವರನ್ನು, ದೆವ್ವಕ್ಕೆ ಹೆದರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಂಬಯಿ ಬದಿಯ ನಮ್ಮ ಡೊಂಬಿವಲಿಯಲ್ಲಿ ಹುಲಿಯಿಲ್ಲ, ಇಲ್ಲಿನ ಬಾಡಿಗೆ ದೆವ್ವಕ್ಕೆ ಪೂರೈಸುವುದಿಲ್ಲ. ಅಂಥವರು ನೆಮ್ಮದಿಯಾಗಿ ಬದುಕಬಹುದು. ನನಗಿರುವುದು ಪರರ ಸಾಮಾನಿನ ಭಯ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಕೀಲಿಕೈ ಕೊಟ್ಟರೆ, ಅವರು ಬರುವ ತನಕ ನನಗೆ ಅನ್ನ ಸೇರುವುದಿಲ್ಲ. ಆಫೀಸಿನ ಗೆಳೆಯನ ಛತ್ರಿಗೆ ಏನಾದರೂ ಆದೀತೆಂದು, ಅದನ್ನು ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ತೊಯ್ದು ಬಂದವನು ನಾನು. ಅಂದು ತಲೆ ಒರೆಸುತ್ತ ನನ್ನ ಹೆಂಡತಿ ಶಾರದಾ, "ನಾನೂ ಮಂದಿ ಮನಿಯಿಂದನ ಬಂದಾಕಿ. ನನ್ನ ಬಗ್ಗೆ ಹಿಂಗ ಒಂದಿನಾನೂ ಹೆದರಲಿಲ್ಲ ನೋಡ್ರಿ ನೀವು" ಎಂದಿದ್ದಳು.

ಇಂಥವನಿಗೆ ನಮ್ಮ ಕನ್ನಡ ಬಳಗದವರು ಒಂದು ಕೆಲಸ ಹಚ್ಚಿದರು. ಈ ಕಡೆಯ ಹಳೆಯ ಕನ್ನಡಿಗರ ಹೋಟೆಲುಗಳ ಮೆನು ಕಾರ್ಡುಗಳನ್ನು ಹುಡುಕಿ, ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿ, ಕಂಪ್ಯೂಟರಿನಲ್ಲಿ ಶಾಶ್ವತವಾಗಿ ಇಡುವ ಯೋಜನೆ. ನಮ್ಮ ಜನ ಇಲ್ಲಿಗೆ ಬಂದು ಏನು ಬೇಯಿಸಿದರು, ಏನು ಮಾರಿದರು ಎನ್ನುವುದಕ್ಕೆ ಇವೇ ಮೂಲ ದಾಖಲೆಗಳಂತೆ. ಇತಿಹಾಸದ ಮೇಲಿನ ಪ್ರೀತಿಯಿಂದ ನಾನು ಒಪ್ಪಿದೆನೆಂದು ಯಾರೂ ತಿಳಿಯಬಾರದು. ಒಲ್ಲೆ ಎನ್ನಲು ಧೈರ್ಯವಾಗಲಿಲ್ಲ, ಅಷ್ಟೇ. ನಿಯಮ ಸರಳವಾಗಿತ್ತು: ಮೊದಲು ಫೋಟೊ, ಆಮೇಲೆ ಟೈಪಿಂಗ್, ಕಾರ್ಡಿನ ಮೇಲೆ ಅಂಟಿಸಿದ ಚೀಟಿಯಿದ್ದರೆ ಅದನ್ನೂ ಬಿಡಬಾರದು.

ನನ್ನ ಪಾಲಿಗೆ ಬಂದದ್ದು ಠಾಣೆ ಸ್ಟೇಷನ್ನಿನ ಆಚೆ, ಕೋಪರಿಯಲ್ಲಿರುವ ರಘು ಅಣ್ಣನ ಹೋಟೆಲು. ರಘು ಅಣ್ಣ ಕರಾವಳಿಯ ಕಡೆಯವರು, ಎಪ್ಪತ್ತು ದಾಟಿದವರು. ಹಣದ ಗಲ್ಲೆಯ ಹಿಂದಿನ ದೇವರ ಪಟದ ಬದಿಯಿಂದ ದಪ್ಪ ರಟ್ಟಿನ ಕಾರ್ಡೊಂದನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟರು. "ನಮ್ಮ ಅಪ್ಪ ಬರೆದದ್ದು ಮಾರಾಯ್ರೆ. ಅವರ ಕೈಬರಹ ಅಂತ ಉಳಿದದ್ದು ಇದೊಂದೇ. ಮನೆಗೇ ತಗೊಂಡು ಹೋಗಿ, ಇಲ್ಲಿ ಸಾಂಬಾರು ಬಿದ್ರೆ ಕಷ್ಟ ಉಂಟು." ಇದೊಂದೇ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾರ್ಡನ್ನು ಗಲ್ಲೆಯ ಮೇಲಿಟ್ಟು ಕೈ ಒರೆಸಿಕೊಂಡೆ.

ಮನೆಯಿಂದ ಒಯ್ದಿದ್ದ ಎರಡು ದೊಡ್ಡ ಸ್ಟೀಲ್ ತಾಟುಗಳ ನಡುವೆ ಕಾರ್ಡನ್ನಿಟ್ಟು, ಟವೆಲಿನಲ್ಲಿ ಕಟ್ಟಿ, ಎದೆಗವಚಿಕೊಂಡು ಲೋಕಲ್ ರೈಲು ಹತ್ತಿದೆ. ದಿವಾ ಸ್ಟೇಷನ್ನಿನಲ್ಲಿ ಇಳಿಯುವವರ ನೂಕುನುಗ್ಗಲು ಶುರುವಾದಾಗ, "ಸಂಭಾಳ್ಕೆ! ಸಂಭಾಳ್ಕೆ!" ಎಂದು ಕೂಗಿದೆ. "ಕಾಕಾ, ಪ್ರಸಾದ್ ಹೈ ಕ್ಯಾ?" ಎಂದ ಒಬ್ಬ. ಹೂಂ ಎಂದೆ. ಅವನು ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಪಾಪ, ಸುತ್ತಲಿನವರನ್ನು ತಡೆದು ನಿಂತ. ಸುಳ್ಳು ಹೇಳಿದ ಪಾಪಕ್ಕೂ ಒಂದಿಷ್ಟು ಹೆದರಿದೆ.

ಮನೆಯಲ್ಲಿ ಕಾರ್ಡು ಬಿಚ್ಚಿದರೆ ತುಂಬ ಚೀಟಿಗಳು. ಒಂದು ತಿಂಡಿ ನಿಂತರೆ ಹೊಸ ಕಾರ್ಡು ಬರೆಸುವುದು ಹೋಟೆಲಿನವರ ಪದ್ಧತಿಯಲ್ಲ. ಮೈದಾ ಅಂಟಿನಿಂದ ಅದರ ಮೇಲೆ ಹೊಸ ತಿಂಡಿಯ ಚೀಟಿ ಅಂಟಿಸಿಬಿಡುತ್ತಾರೆ. ಒಂದು ಚೀಟಿಯ ಅಂಚು ಎದ್ದಿತ್ತು, ಕೆಳಗೆ ಯಾವುದೋ ಅಕ್ಷರ ಇಣುಕುತ್ತಿತ್ತು. ನನ್ನಂಥ ಪುಕ್ಕಲನಿಗೂ ಕುತೂಹಲ ಇರುತ್ತದೆ ನೋಡಿ, ಅದೇ ಕೇಡು. "ಇಡ್ಲಿ ಪಾತ್ರಿ ಆವಿ ಹಿಡೀರಿ. ಬಾಟ್ಲಿ ಮ್ಯಾಲಿನ ಚೀಟಿ ಹಂಗ ಬಿಚ್ಚತಾವ" ಎಂದಳು ಶಾರದಾ. ಹಿಡಿದೆ. ಪಾವ್ ಭಾಜಿಯ ಕೆಳಗೆ ಕರಾವಳಿಯ ಬನ್ಸ್ ಸಿಕ್ಕಿತು. ಶೇಜ್ವಾನ್ ದೋಸೆಯ ಕೆಳಗೆ, ಬಳುಕುವ ಮುದ್ದಾದ ಅಕ್ಷರದಲ್ಲಿ, ಗೋಳಿಬಜೆ! ಮೈಮರೆತೆ. ಚೀಟಿಗಳೆಲ್ಲ ಒಂದೊಂದಾಗಿ ಎದ್ದವು. ಎಲ್ಲವನ್ನೂ ಅವುಗಳ ಜಾಗದ ಪಕ್ಕದಲ್ಲೇ ಆರಲಿಟ್ಟೆ.

"ಅಯ್ಯ, ಎಷ್ಟ ಬೆವತೀರಿ!" ಎಂದು ಶಾರದಾ ಫ್ಯಾನ್ ಹಚ್ಚಿದಳು.

ಚೀಟಿಗಳು ಅಡುಗೆಮನೆಯ ತುಂಬ ಹಾರಿದವು. ಒಲೆಯ ಕೆಳಗೆ, ಫ್ರಿಜ್ಜಿನ ಹಿಂದೆ ತೆವಳಿ ಎಲ್ಲವನ್ನೂ ಹಿಡಿದು ತಂದೆ. ಆದರೆ ಯಾವ ಚೀಟಿ ಯಾವ ತಿಂಡಿಯ ಮೇಲಿತ್ತು? ನೋಡಿದ ಎರಡು ಬಿಟ್ಟರೆ ಒಂದೂ ನೆನಪಿಲ್ಲ. "ಫೋಟೊ ತಗದೀರಲ್ಲ, ನೋಡಿ ಹಚ್ರಿ" ಎಂದಳು. ತೆಗೆದಿರಲಿಲ್ಲ. ಫ್ಲ್ಯಾಶಿನ ಬೆಳಕಿಗೆ ಹಳೆಯ ಮಸಿ ಮಾಸೀತೆಂದು ಹೆದರಿದ್ದೆ! ರಘು ಅಣ್ಣನ ಅಪ್ಪನ ಕಾರ್ಡನ್ನು ಇದ್ದ ಹಾಗೆ ಉಳಿಸಲು ಹೋಗಿ, ಇದ್ದ ಹಾಗೆ ಇಲ್ಲದಂತೆ ಮಾಡಿ ಕೂತಿದ್ದೆ. ಅಳು ಬಂತು. ಬಂದದ್ದನ್ನು ಅಲ್ಲೇ ತಡೆದೆ, ಕಣ್ಣೀರು ಕಾರ್ಡಿನ ಮೇಲೆ ಬಿದ್ದರೆ ಎಂದು.

ಭಾನುವಾರ ಕಾರ್ಡನ್ನು ತಾಟಿನಲ್ಲಿ, ಚೀಟಿಗಳನ್ನು ಲಕೋಟೆಯಲ್ಲಿ ಇಟ್ಟುಕೊಂಡು ಕೋಪರಿಗೆ ಹೋದೆ. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ, ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ರಘು ಅಣ್ಣ ಗೋಳಿಬಜೆಯ ಮೇಲೆ ಬೆರಳಾಡಿಸಿದರು. "ಇದೆಲ್ಲ ಇಲ್ಲಿ ಯಾರು ತಿಂತಾರೆ ಅಂತ ಚೀಟಿ ಅಂಟಿಸಿದ್ದು ನಾನೇ ಮಾರಾಯ್ರೆ. ಅಪ್ಪ ಎಂತದೂ ಹೇಳ್ಲಿಲ್ಲ. ಅಂಟು ಮಾತ್ರ ಅವರೇ ಕಲಸಿ ಕೊಟ್ರು." ಕಣ್ಣೊರೆಸಿಕೊಂಡು, "ಆ ಚೀಟಿ ಇನ್ನು ಬೇಡ" ಎಂದು ಲಕೋಟೆಯನ್ನು ಕಸದ ಡಬ್ಬಿಯತ್ತ ಒಯ್ದರು.

"ಒಗೀಬ್ಯಾಡ್ರಿ!" ಎಂದು ಕಿರುಚಿದೆ. ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. "ಅದೂ ದಾಖಲೆರಿ ಅಣ್ಣಾ, ಅದನ್ನೂ ಬರೀಬೇಕು."

ರಘು ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಲ್ಲೇ ಫೋನ್ ತೆಗೆದರು. ಹೋಟೆಲು ನಡೆಸುವ ಕಲ್ಯಾಣದ ಭಾವನಿಗೆ, ವಾಶಿಯ ಷಡ್ಡಕನಿಗೆ ಒಂದೇ ಮಾತು: "ನಿಮ್ಮಲ್ಲಿ ಅಜ್ಜನ ಕಾಲದ ಕಾರ್ಡು ಉಂಟಲ್ಲ, ಇವರಿಗೆ ಕೊಡಿ. ಜೀವದ ಹಾಗೆ ನೋಡ್ಕೊಳ್ತಾರೆ." ಬೈದಿದ್ದರೆ ಅಂದಿಗೇ ಮುಗಿಯುತ್ತಿತ್ತು. ವಿಶ್ವಾಸವಿಟ್ಟುಬಿಟ್ಟರು, ಇದಕ್ಕೆ ಕೊನೆಯೆಲ್ಲಿ?

ಈಗ ಮನೆಯಲ್ಲಿ ಕಲ್ಯಾಣದ ಕಾರ್ಡೂ ವಾಶಿಯ ಕಾರ್ಡೂ ಬಂದು ತಾಟುಗಳ ನಡುವೆ ಕೂತಿವೆ. ಉಣ್ಣಲು ತಾಟಿಲ್ಲದೆ ನಾವಿಬ್ಬರೂ ಬಟ್ಟಲಿನಲ್ಲಿ ಉಣ್ಣುತ್ತಿದ್ದೇವೆ. ಮೇ ತಿಂಗಳ ಸೆಕೆಯಲ್ಲಿ ಬೆವರು ಸುರಿಸುತ್ತ ಟೈಪ್ ಮಾಡುತ್ತಿದ್ದೇನೆ. ಫ್ಯಾನಿನ ಗುಂಡಿಯ ಮೇಲೆ ಶಾರದಾ, ಮೈದಾ ಅಂಟು ಕಲಸಿ, ಒಂದು ಚೀಟಿ ಅಂಟಿಸಿದ್ದಾಳೆ: "ನಮ್ಮವರು ಹೆದರುತ್ತಾರೆ, ಹಚ್ಚಬೇಡಿರಿ." ಬಂದವರೆಲ್ಲ ಓದಿ ನಗುತ್ತಾರೆ. ಅದನ್ನು ಕೀಳುವ ಧೈರ್ಯ ನನಗಿಲ್ಲ.