ಬೆರಳಿಗಂಟಿದ ಜೇನು

ಮುದ್ರಣಾಲಯದ ಯಜಮಾನರು ಕೆಮ್ಮಿಗೆಂದು ತಮ್ಮ ಮೇಜಿನ ಮೇಲೆ ತಂದಿಟ್ಟ ಜೇನಿನ ಸೀಸೆಗೆ ಮುಚ್ಚಳ ಹಾಕಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ.

ಅಲ್ಲಿ ಕರಡು ತಿದ್ದುವವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಶಾಲೆಯ ಜೀವಶಾಸ್ತ್ರ ಪುಸ್ತಕದ ಕರಡು ಹಿಡಿದು ಅವರು ಯಜಮಾನರ ಕೋಣೆಗೆ ಹೋದಾಗ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ತೋರುಬೆರಳು ತಾನಾಗಿಯೇ ಸೀಸೆಗಿಳಿಯಿತು. ನೆಕ್ಕಿ ಪ್ಯಾಂಟಿಗೆ ಒರೆಸಿಕೊಳ್ಳುವಷ್ಟರಲ್ಲಿ ಯಜಮಾನರು ಬಂದೇಬಿಟ್ಟರು. ಕೈಯಲ್ಲಿ ರಕ್ತದ ಸಕ್ಕರೆ ನೋಡುವ ಹೊಸ ಮೆಷಿನ್ನು.

"ಬನ್ನಿ ಮೇಷ್ಟ್ರೇ, ಬೋಣಿ ನಿಮ್ಮಿಂದ್ಲೇ ಆಗ್ಲಿ!"

ಅದೇ ಬೆರಳಿಗೆ ಸೂಜಿ ಚುಚ್ಚಿದರು. ಮೆಷಿನ್ನು ಕುಂಯ್ ಎಂದಿತು. ಮುನ್ನೂರ ಎಂಬತ್ತು!

"ಅಯ್ಯಯ್ಯೋ, ನೀವಿನ್ನೂ ನಿಂತಿದ್ದೀರಲ್ರೀ!"

ಸುದ್ದಿ ಅಚ್ಚಾಗದೆಯೇ ಹಂಚಿಹೋಯಿತು. ಬೈಂಡಿಂಗ್ ಅಕ್ಕ ಓಡಿಬಂದು ಮೇಷ್ಟ್ರ ಊಟದ ಡಬ್ಬಿ ಕಿತ್ತುಕೊಂಡರು. "ಮುಟ್ಟಿದ್ರೆ ನನ್ನಾಣೆ!" ಅಚ್ಚಿನ ಯಂತ್ರ ನಡೆಸುವ ಅಣ್ಣ ಮೇಷ್ಟ್ರನ್ನು ಹತ್ತು ಸಲ ಮೆಟ್ಟಿಲು ಹತ್ತಿಸಿ ಇಳಿಸಿದ. ಮೂರನೆಯ ಸುತ್ತಿಗೇ ಅವರು ಹಳೇ ಸೈಕಲ್ ಪಂಪಿನಂತೆ ಉಸ್ಸುಬುಸ್ಸು ಎನ್ನತೊಡಗಿದರು.

"ಕೇಳಿ, ಸಕ್ಕರೆ ಕರಗೋ ಸದ್ದು!" ಎಂದ ಅಣ್ಣ.

ಯಜಮಾನರಂತೂ ಮನೆಯಿಂದ ಕಹಿ ಕಷಾಯ ತರಿಸಿ, ಮೂಗು ಹಿಡಿದು ಕುಡಿಸಿದರು.

ಮಧ್ಯಾಹ್ನ ಖಾಲಿ ಹೊಟ್ಟೆಯಲ್ಲಿ ಮೇಷ್ಟ್ರು ಕರಡು ತೆರೆದರು. ರಕ್ತದಲ್ಲಿ ಸಕ್ಕರೆ ಏರಿದರೆ ಇನ್ಸುಲಿನ್ ಅದನ್ನು ಇಳಿಸುತ್ತದೆ. ತೀರಾ ಇಳಿದರೆ ಯಕೃತ್ತು ತಾನು ಕೂಡಿಟ್ಟದ್ದನ್ನು ಬಿಟ್ಟುಕೊಟ್ಟು ಸರಿದೂಗಿಸುತ್ತದೆ ಎಂದಿತ್ತು. ಇಷ್ಟು ಜಾಣ ದೇಹವನ್ನು ಒಂದು ತೊಟ್ಟು ಜೇನು ನಿಮಿಷದಲ್ಲಿ ಕೆಡಿಸೀತೇ? ಪುಟ ತಿರುವಲು ಹೋದರೆ ಬೆರಳು ಕಾಗದಕ್ಕೇ ಅಂಟಿಕೊಂಡಿತು.

ಸಕ್ಕರೆ ಇದ್ದದ್ದು ರಕ್ತದಲ್ಲಲ್ಲ, ಬೆರಳ ಮೇಲೆ!

ಮೇಷ್ಟ್ರು ಸೋಪು ಹಚ್ಚಿ ಕೈ ತಿಕ್ಕಿ ತೊಳೆದು, ಒರೆಸಿಕೊಂಡು ಓಡಿದರು. "ಇನ್ನೊಂದ್ಸಲ ನೋಡಿ ಯಜಮಾನ್ರೇ!"

ತೊಂಬತ್ತೆರಡು.

"ನನ್ನ ಕಷಾಯ!" ಎಂದರು ಯಜಮಾನರು.

"ನನ್ನ ಮೆಟ್ಟಿಲು!" ಎಂದ ಅಣ್ಣ.

"ಡಬ್ಬಿ ಕಿತ್ಕೊಂಡಿದ್ದು ಯಾರು ಹಾಗಾದ್ರೆ?" ಎಂದರು ಅಕ್ಕ.

ಯಜಮಾನರು ತೀರ್ಪು ಕೊಟ್ಟರು: "ಜಗಳ ಬೇಡ. ನಾಳೆಯಿಂದ ದಿನಾ ಮೂರೂ ನಡೀಲಿ."

ಮಾನ ಹೋದರೆ ಹೋಗಲಿ, ಊಟವಾದರೂ ಉಳಿಯಲಿ ಎಂದು ಮೇಷ್ಟ್ರು ಬಾಯಿಬಿಟ್ಟರು. "ನಂಗೇನೂ ಆಗಿಲ್ಲ ಯಜಮಾನ್ರೇ. ಬೆಳಿಗ್ಗೆ ನಿಮ್ಮ ಸೀಸೆಗೆ ಬೆರಳು ಹಾಕಿ ಜೇನು ಕದ್ದು ತಿಂದೆ. ಮೆಷಿನ್ನು ಹೇಳಿದ್ದು ಆ ಜೇನಿನ ಲೆಕ್ಕ!"

ಯಜಮಾನರು ಬೈಯಲಿಲ್ಲ, ಮೆಲ್ಲಗೆ ಹೆಗಲ ಮೇಲೆ ಕೈಯಿಟ್ಟರು.

"ಕದ್ದು ತಿನ್ನೋವಷ್ಟು ಆಸೆಯಾ? ಪಾಪ, ಕಾಯಿಲೆ ತುಂಬಾ ಮುಂದುವರಿದಿದೆ ಕಣ್ರೀ. ಅಕ್ಕ, ಇವ್ರ ಮನೆಗೊಂದು ಫೋನ್ ಹಚ್ಚಮ್ಮ."

ವಿಷಯ ಕೇಳಿದ ಮೇಷ್ಟ್ರ ಹೆಂಡತಿಯ ದನಿ ಫೋನಿನಿಂದಾಚೆಗೂ ಖಣಖಣ ಕೇಳಿಸಿತು:

"ಹೌದಾ! ಮನೇಲಿ ಸಕ್ಕರೆ ಡಬ್ಬ ಹದಿನೈದೇ ದಿನಕ್ಕೆ ಬರಿದಾಗೋದು ಇಲಿಯಿಂದ ಅಂತ ಇವ್ರು ಹೇಳ್ತಿದ್ರು. ಆ ಇಲೀನ ಇವತ್ತು ಸ್ವಲ್ಪ ಬೇಗ ಕಳಿಸ್ಕೊಡಿ!"