ಬೆನ್ನಿಗೆ ಕಟ್ಟಿದ ಒನಕೆ

ಮನೆ ಮಾಲೀಕ ಅಲ್ಹಾಜಿ ಬಡಾರು ವಠಾರದ ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿಸಿ ಬೀಗ ಜಡಿದ.

ಬಾಡಿಗೆ ಯಾಕೆ ಏರಿಸಿದಿರಿ ಎಂದು ಯಾರೋ ಅವನನ್ನು ನಿಂತುಕೊಂಡೇ ಕೇಳಿದ್ದರಂತೆ. ಇಬಾದಾನ್ ಪಟ್ಟಣದಲ್ಲಿ ಗಂಡಸಾದವನು ಹಿರಿಯರನ್ನು ಏನು ಕೇಳುವುದಿದ್ದರೂ ಅಡ್ಡಬಿದ್ದು ಕೇಳಬೇಕು. ಬೆಳಗ್ಗೆಯೇ ಮನೆ ಮಾಲೀಕನ ಅಪ್ಪಣೆ ಬಂತು: ಸಂಜೆ ನಮಾಜಾದ ಮೇಲೆ ಗಂಡಸರೆಲ್ಲ ಜಗಲಿಯ ಮುಂದೆ ಅಡ್ಡಬೀಳಬೇಕು. ಬಿದ್ದರೆ ಬೀಗ ತೆರೆಯುತ್ತದೆ. ಬೀಳದವನು ನಾಳೆಯೇ ರೂಮು ಖಾಲಿ ಮಾಡಬೇಕು.

ದರ್ಜಿ ಲಾಸಿಸಿಗೆ ಅಡ್ಡಬೀಳುವುದು ಕಷ್ಟದ ಕೆಲಸವೇ ಅಲ್ಲ. ಆ ಬೀದಿಯಲ್ಲಿ ಅವನಷ್ಟು ಅಚ್ಚುಕಟ್ಟಾಗಿ ನೆಲಕ್ಕೆ ಅಂಟಿಕೊಳ್ಳಬಲ್ಲದ್ದು ಹಲ್ಲಿಯೊಂದೇ. ಅಲ್ಲದೆ ಬರುವ ತಿಂಗಳು ಅವನ ಮದುವೆ. ಮದುವೆ ಹುಡುಗಿ ರಫಾತುವಿನ ಅಪ್ಪ ಅವನನ್ನು ಕೇಳಿದ್ದು ಒಂದೇ ಮಾತು: "ತಲೆ ಮೇಲೆ ಸೂರಿದೆ ತಾನೇ?" ಸೂರು ಇದೊಂದೇ ರೂಮು. ಹೊಲಿಗೆ ಮಿಷನ್ನು, ಚಾಪೆ, ಕನಸು, ಎಲ್ಲವೂ ಅದರೊಳಗೇ.

ತೊಂದರೆಯಾದದ್ದು ಬೆನ್ನಿನಿಂದ. "ನಿನ್ನೆದೆಗೆ ಅಂಗಿ ಹೊಲಿಯೋಕೆ ಒಂದು ಕರ್ಚೀಫು ಸಾಕು" ಎಂದು ರಫಾತು ನಕ್ಕಿದ್ದಳು. ಆ ಮಾತು ಸೂಜಿಯಂತೆ ನಾಟಿ, ಹಿಂದಿನ ಸಂಜೆ ಮಿಷನ್ನಿನಿಂದೆದ್ದವನೇ ಲಾಸಿಸಿ ನೇರ ಹಿತ್ತಲಿಗೆ ಹೋಗಿದ್ದ. ಅಲ್ಲಿ ಕಟುಕ ಮೂಡಾನ ಗರಡಿ. ಗರಡಿಯೆಂದರೆ ಒಂದು ಕಬ್ಬಿಣದ ಪೈಪು, ಅದರ ಎರಡು ತುದಿಗೆ ಹಾಲಿನ ಪುಡಿ ಡಬ್ಬಿಯಲ್ಲಿ ಎರಕ ಹೊಯ್ದ ಸಿಮೆಂಟು. ಲಾಸಿಸಿ ಅದನ್ನು ತಲೆಯ ಮೇಲಕ್ಕೆತ್ತಿದ. ಬೆನ್ನಿನ ರೆಕ್ಕೆಮೂಳೆಗಳ ನಡುವೆ 'ಟಕ್' ಎಂದಿತು. ಆಮೇಲೆ ಅವನ ಕತ್ತು ತಿರುಗಬೇಕಾದರೆ ಇಡೀ ಆಸಾಮಿಯೇ ತಿರುಗಬೇಕಾಯಿತು, ಹಳೆಯ ಲಾರಿಯ ಹಾಗೆ.

ಬೆಳಗಾಗುವಷ್ಟರಲ್ಲಿ ವಠಾರವೆಲ್ಲ ಅವನ ಬಾಗಿಲಲ್ಲಿ.

"ಮೈ ಬಿಸಿ ಮಾಡ್ಕೊಳ್ದೆ ಎತ್ತಿದ್ದೀಯ. ಹೆಗಲನ್ನ ಕಿವಿಗೆ ಏರಿಸ್ಕೊಂಡಿದ್ದೆ, ಅದಕ್ಕೇ ಹಿಡ್ಕೊಂಡಿದೆ" ಎಂದ ಮೂಡಾ.

"ಭಾರ ಏನೂ ಮಾಡಿಲ್ಲ ಕಣೋ," ಎಂದಳು ಅಲಸಂದೆ ವಡೆ ಮಾರುವ ಇಯಾ ಸಿಕಿರಾ. "ಬೆಳಗಿಂದ ಸಂಜೆವರೆಗೂ ಮಿಷನ್ ಮೇಲೆ ಕುಡುಗೋಲಿನ ಹಾಗೆ ಬಗ್ಗಿರ್ತಾನೆ. ಕುಡುಗೋಲನ್ನ ಒಂದೇ ಸಲ ಭರ್ಜಿ ಮಾಡೋಕೆ ಹೋದ್ರೆ ಮುರೀದೆ ಇರುತ್ತಾ?"

ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿದರು. "ಉಸಿರು ಬಿಗಿಹಿಡಿದು ಎತ್ತಿರಬಹುದು. ಕತ್ತಿನ ನರ ಇರಬಹುದು. ಶ್ವಾಸಕೋಶವೂ ಇರಬಹುದು. ಹೃದಯ ಅಂತೂ ಯಾವಾಗಲೂ ಇರಬಹುದು."

"ಮೇಷ್ಟ್ರೇ, ಅವನಿಗಿನ್ನೂ ಮದುವೆ ಆಗ್ಬೇಕು. ಹೃದಯ ಬಿಡಿ" ಎಂದಳು ಇಯಾ ಸಿಕಿರಾ.

"ನನಗೆ ಸಂಜೆಯೊಳಗೆ ಬಗ್ಗೋ ಹಾಗಾದ್ರೆ ಸಾಕು" ಎಂದು ಲಾಸಿಸಿ ನರಳಿದ.

ಮೂಡಾ ಕೆರಳಿದ. "ಬಗ್ಗೋದಾ? ಆ ಮುದುಕನಿಗಾ? ನಾವ್ಯಾರೂ ಬೀಳಲ್ಲ! ನನ್ನ ಎದೆ ನೆಲ ಮುಟ್ಟಿದ್ರೆ ನಾನು ಕಟುಕನೇ ಅಲ್ಲ!"

"ಹೌದು, ಬೀಳಲ್ಲ!" ಎಂದು ಬಾಗಿಲೆಲ್ಲ ಗರ್ಜಿಸಿತು. ಲಾಸಿಸಿ ಮಾತ್ರ ಗೋಡೆ ನೋಡಿದ.

ಮೂಡಾನಿಗೆ ಉಪಾಯವೂ ಹೊಳೆಯಿತು. ಇಯಾ ಸಿಕಿರಾಳ ಗೆಣಸು ಕುಟ್ಟುವ ಮೋಟು ಒನಕೆಯನ್ನು ಲಾಸಿಸಿಯ ಬೆನ್ನಿಗೆ, ಕತ್ತಿನಿಂದ ಸೊಂಟದವರೆಗೆ, ಹಗ್ಗ ಸುತ್ತಿ ಕಟ್ಟಿದ. "ಸಂಜೆವರೆಗೂ ಹೀಗೇ ನೆಟ್ಟಗಿರು. ಬೆನ್ನು ತಾನೇ ದಾರಿಗೆ ಬರುತ್ತೆ." ಕಟ್ಟಿದ್ದು ಎತ್ತು ಕೆಡವುವವನ ಗಂಟು, ಬೇರೆ ಯಾರ ಬೆರಳಿಗೂ ಬಿಚ್ಚದ್ದು. ಕಟ್ಟಿದವನು ಕಸಾಯಿಖಾನೆಗೆ ಹೊರಟುಹೋದ. ಲಾಸಿಸಿ ಮೇಲೊಂದು ದೊಗಳೆ ನಿಲುವಂಗಿ ಹಾಕಿಕೊಂಡು ದಿನವಿಡೀ ಗಂಟು ಹುಡುಕಿದ. ಕೈ ಬೆನ್ನಿನ ಹಿಂದಕ್ಕೆ ಹೋದರೆ ಪ್ರಾಣ ಹೋಗುತ್ತಿತ್ತು.

ಸಂಜೆಯಾಯಿತು. ಹೆಂಗಸರು ಖಾಲಿ ಬಕೆಟ್ ಹಿಡಿದು ಬಾವಿಯ ಸುತ್ತ ನಿಂತರು. ಮೂಡಾ ಕೊನೆಯ ಗಳಿಗೆಯಲ್ಲಿ ಓಡಿಬಂದ. ಅಲ್ಹಾಜಿ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಕೂತ.

"ಹೂಂ," ಎಂದ.

ಧೊಪ್ಪೆಂದು ಮೊದಲು ಬಿದ್ದವನು ಮೂಡಾ. ಹಿಂದೆಯೇ ಮೇಷ್ಟ್ರು, ಅವರ ಹಿಂದೆ ಉಳಿದವರು, ಗಾಳಿಗೆ ಮಾವಿನಕಾಯಿ ಉದುರಿದ ಹಾಗೆ. ಬೀಳಲೆಂದೇ ಬಂದಿದ್ದ ಲಾಸಿಸಿಯೊಬ್ಬ ತಾಳೆಮರದಂತೆ ನಿಂತುಬಿಟ್ಟಿದ್ದ.

"ಮೂಡಾ, ಗಂಟು ಬಿಚ್ಚೋ," ಎಂದು ಹಲ್ಲಿನ ನಡುವೆ ಪಿಸುಗುಟ್ಟಿದ.

"ಸುಮ್ನೆ ಬೀಳೋ, ಮಾರಾಯ," ಎಂದಿತು ನೆಲ.

"ಏಯ್ ದರ್ಜಿ! ಬಗ್ಗು!" ಅಲ್ಹಾಜಿ ಗುಡುಗಿದ.

ಲಾಸಿಸಿ ಮನಸ್ಸಿಟ್ಟು ಬಗ್ಗಲು ನೋಡಿದ. ಒನಕೆ ಬಿಡಲಿಲ್ಲ. ರೆಕ್ಕೆಮೂಳೆಗಳ ನಡುವೆ ಸಿಡಿಲು ಹೊಡೆಯಿತು.

"ಆಗಲ್ಲ!" ಎಂದು ಚೀರಿದ.

ಯಾವಳೋ ಬಕೆಟ್ಟು ಬಡಿದಳು. ಇನ್ನೊಬ್ಬಳು ಬಡಿದಳು. "ಆಗಲ್ಲ ಅಂದ! ಕೇಳಿದ್ರಾ? ಆಗಲ್ಲ ಅಂದ!" ಎಂದು ಇಯಾ ಸಿಕಿರಾ ಕೂಗಿದಳು. ನೆಲದ ಮೇಲಿದ್ದವರು ತಲೆಯೆತ್ತಿ ನೋಡಿದರು. ಮೇಷ್ಟ್ರು ಮಂಡಿ ಜಾಡಿಸಿ ಎದ್ದರು. ಒಬ್ಬೊಬ್ಬರೇ ಎದ್ದರು. ಎಲ್ಲರೂ ಎದ್ದದ್ದು ಖಾತ್ರಿಯಾದ ಮೇಲೆ ಮೂಡಾ ಎದ್ದು ಎದೆಯುಬ್ಬಿಸಿದ.

ಅಲ್ಹಾಜಿ ಏನು ಕಡಿಮೆಯೇ? ಎದ್ದು ನಿಂತವರನ್ನೊಮ್ಮೆ ಕಣ್ಣಲ್ಲೇ ಎಣಿಸಿ, ನಗುತ್ತ ಇಳಿದುಬಂದು ತಾನೇ ಬೀಗ ತೆಗೆದ. ಹೆಂಗಸರು ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಇಯಾ ಸಿಕಿರಾ ಲಾಸಿಸಿಯ ಹಿಂದೆ ಬಂದು, "ನನ್ನ ಒನಕೆ ಕೊಡೋ ಮಗನೇ, ರಾತ್ರಿಗೆ ಗೆಣಸು ಕುಟ್ಬೇಕು" ಎಂದು ನಿಲುವಂಗಿಯೊಳಗೆ ಚಾಕು ತೂರಿಸಿ ಹಗ್ಗ ಕೊಯ್ದು ಒನಕೆ ಎಳೆದಳು. 'ಟಕ್' ಎಂದಿತು. ಅದೇ ಜಾಗ, ಅದೇ ಸದ್ದು. ನೋವು ಮಾಯ! ಲಾಸಿಸಿ ಮೆಲ್ಲಗೆ ಕತ್ತು ತಿರುಗಿಸಿದ, ಸೊಂಟ ಬಾಗಿಸಿದ. ಎಣ್ಣೆ ಬಿಟ್ಟ ಮಿಷನ್ನಿನ ಹಾಗೆ ಎಲ್ಲವೂ ಸಲೀಸು.

ಇಯಾ ಸಿಕಿರಾ ಅದನ್ನು ಕಂಡು, ಒನಕೆಯನ್ನು ಅಲ್ಹಾಜಿಗೆ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡಳು.

ಕೊನೆಯ ಬಕೆಟ್ಟು ತುಂಬಿತು. ಅಲ್ಹಾಜಿ ಲಾಸಿಸಿಯ ಹೆಗಲ ಮೇಲೆ ಕೈಯಿಟ್ಟ. "ಈ ಜೊಳ್ಳುಗಳ ನಡುವೆ ಬೆನ್ನೆಲುಬಿರೋನು ನೀನೊಬ್ನೇ ಕಣಯ್ಯ. ಇವತ್ತಿಂದ ಈ ವಠಾರ ನೋಡ್ಕೊಳ್ಳೋನು ನೀನು. ಬಾಡಿಗೆ ಕೊಡಬೇಡ. ಹೆಂಡ್ತೀನ ಕರ್ಕೊಂಡು ಬಾ." ಬೀಗವನ್ನೂ ಬೀಗದ ಕೈಯನ್ನೂ ಅವನ ಅಂಗೈಯಲ್ಲಿಟ್ಟ. "ಈಗ ಬಾವಿಗೆ ಹಾಕು. ನಾಳೆಯಿಂದ ನೀರು ಬೇಕಾದವರು ನಿನಗೆ ಅಡ್ಡಬೀಳ್ಲಿ."

ಬಕೆಟ್ಟುಗಳು ನಿಂತವು. ಮುಚ್ಚಳದ ಚಿಲಕ ಮೊಣಕಾಲೆತ್ತರದಲ್ಲಿತ್ತು. ಲಾಸಿಸಿ ಬೀಗ ನೋಡಿದ. ತನ್ನ ರೂಮಿನ ಬಾಗಿಲು ನೋಡಿದ. ಒಂದು ಸಲ ಬಗ್ಗಿದರೆ ಆಯಿತು.

"ಹಾಕ್ತೀಯೋ, ನಾಳೆ ಮಿಷನ್ನು ಬೀದಿಗೆ ಹಾಕಿಸ್ಲೋ?"

ಲಾಸಿಸಿ ಬೀಗವನ್ನೂ ಬೀಗದ ಕೈಯನ್ನೂ ಅಲ್ಹಾಜಿಗೇ ಮರಳಿಸಿ, ಒನಕೆ ಬೆನ್ನಿಗಿದ್ದಾಗಿನದಕ್ಕಿಂತ ನೆಟ್ಟಗೆ ನಿಂತ.

"ಆಗಲ್ಲ ಅಲ್ಹಾಜಿ," ಎಂದ. "ಬೆನ್ನು ನೋವು."